ಕುರ್ಚಿಯಿಲ್ಲದ ಮೀಟಿಂಗು

"ಇವತ್ತಿನಿಂದ ನಮ್ಮ ಆಫೀಸಲ್ಲಿ ರಬ್ಬರ್ ಗಂಟೆ ಸತ್ತ ಹಾಗೇ ಲೆಕ್ಕ! ಅದಕ್ಕೆ ಗುಂಡಿ ತೋಡೋನು ಈ ತರ್ಮೂಜಿ!"

ಶನಿವಾರ ಬೆಳಗ್ಗೆ ತಿಂಡಿ ತಿನ್ನುತ್ತಾ ಹೀಗೆ ಘೋಷಿಸಿ ತರ್ಮೂಜಿಯವರು ಮೇಜನ್ನು ಗುದ್ದಿದರು. ಸಂಬಲ್ ಚಟ್ನಿಯ ಬಟ್ಟಲು ನೆಗೆದು ಅವರ ಬಿಳಿ ಬನಿಯನ್ನಿನ ಮೇಲೆ ಬಂದು ಕುಳಿತಿತು.

"ಮೊದಲು ಅದನ್ನ ಒರೆಸ್ಕೊಳ್ಳಿ," ಎಂದಳು ಹೆಂಡತಿ ಸುಲಾಸ್ಮಿ. "ಗುಂಡಿ ಆಮೇಲೆ ತೋಡಿದ್ರಾಯ್ತು."

ರಬ್ಬರ್ ಗಂಟೆ ಎಂಬುದು ನಮ್ಮ ಸಿದೊಆರ್ಜೊ ಊರಿನವರಿಗೆ ಹುಟ್ಟಿನಿಂದಲೇ ಬಂದ ಆಸ್ತಿ. ಎಷ್ಟು ಎಳೆದರೂ ಹರಿಯುವುದಿಲ್ಲ! ಎಂಟಕ್ಕೆ ಕರೆದರೆ ಒಂಬತ್ತಕ್ಕೆ ಹೋಗಬೇಕು. ಎಂಟಕ್ಕೇ ಹೋಗಿ ಬಾಗಿಲು ತಟ್ಟಿದರೆ ಕರೆದವರು ಇನ್ನೂ ಲುಂಗಿಯಲ್ಲಿರುತ್ತಾರೆ. ಅವರಿಗೂ ಮುಜುಗರ, ನಮಗೂ ಮುಜುಗರ. ಆದ್ದರಿಂದ ಕರೆಯುವವರು ಜಾಣತನದಿಂದ ಒಂಬತ್ತರ ಕೆಲಸಕ್ಕೆ ಎಂಟು ಎಂದು ಹೇಳುತ್ತಾರೆ. ಬರುವವರು ಇನ್ನೂ ಜಾಣತನದಿಂದ ಹತ್ತಕ್ಕೆ ಬರುತ್ತಾರೆ. ಊರು ಹೀಗೇ ನೆಮ್ಮದಿಯಾಗಿ ನಡೆದುಕೊಂಡು ಬಂದಿತ್ತು.

ನೆಮ್ಮದಿ ಕೆಟ್ಟದ್ದು ಒಂದು ಮಳೆಯಿಂದ. ತರ್ಮೂಜಿಯವರು ಸೀಗಡಿ ಹಪ್ಪಳದ ಕಾರ್ಖಾನೆಯೊಂದರಲ್ಲಿ ಆಫೀಸಿನ ಮುಖ್ಯಸ್ಥರು. ಪೊಟ್ಟಣದ ಮೇಲಿನ ಸೀಗಡಿ ಎಡಕ್ಕೆ ನೋಡಬೇಕೋ ಬಲಕ್ಕೆ ನೋಡಬೇಕೋ ಎಂದು ತೀರ್ಮಾನಿಸಲು ಅವರು ಕರೆದ ಮೀಟಿಂಗು ಬೆಳಗ್ಗೆ ಶುರುವಾಗಿ ಮಧ್ಯಾಹ್ನದ ನಮಾಜಿನವರೆಗೂ ನಡೆಯಿತು. ಎಲ್ಲರ ಅಭಿಪ್ರಾಯವೂ ಬೇಕಲ್ಲ! ಅಂಗಳದಲ್ಲಿ ಹಪ್ಪಳ ಒಣಗಿಸುವವರನ್ನೂ ಒಳಗೆ ಕರೆದು ಕೂರಿಸಿಕೊಂಡಿದ್ದರು. ಹೊರಗೆ ಮಳೆ ಬಂದು ಹರಡಿದ್ದ ಹಪ್ಪಳವೆಲ್ಲ ಅಂಬಲಿಯಾಯಿತು. ಸೀಗಡಿ ಎತ್ತ ನೋಡಬೇಕೆಂಬುದಂತೂ ಇತ್ಯರ್ಥವಾಗಲೇ ಇಲ್ಲ.

ಕಾರ್ಖಾನೆಯ ಒಡತಿ ಬು ಲಾನಿ ಕೂಗಾಡಲಿಲ್ಲ. ಭಯ ಹುಟ್ಟಿಸಿದ್ದೇ ಅದು.

"ಮುಂದಿನ ಮೀಟಿಂಗಿಗೆ ನಾನೇ ಬಂದು ಕೂರ್ತೀನಿ, ತರ್ಮೂಜಿ. ಸೋಮವಾರ ಒಂಬತ್ತಕ್ಕೆ. ಹಬ್ಬದ ಪೊಟ್ಟಣ ಹಸಿರೋ ಚಿನ್ನದ ಬಣ್ಣವೋ, ಅದೊಂದೇ ವಿಷಯ. ಅರ್ಧ ಗಂಟೇಲಿ ಮುಗೀಬೇಕು. ಮುಗೀಲಿಲ್ವೋ, ನಿಮ್ಮ ಕುರ್ಚೀಲಿ ವಿವಿಕ್ ಕೂರ್ತಾಳೆ."

ವಿವಿಕ್ ಎಂದರೆ ಆಫೀಸಿನ ಗುಮಾಸ್ತೆ. ತರ್ಮೂಜಿಯವರೇ ಕೆಲಸ ಕಲಿಸಿದ ಹುಡುಗಿ. ಆ ವಾರವೇ ಅವರು ಪಕ್ಕದ ಸುರಬಾಯಾ ನಗರಕ್ಕೆ ಓಡಿ, ಸಮಯಪಾಲನೆಯ ಕೋರ್ಸೊಂದನ್ನು ಮುಗಿಸಿ, ಒಂದು ಪ್ರಮಾಣಪತ್ರವನ್ನೂ ಬಿಟ್ಟಿ ಕೊಟ್ಟ ಒಂದು ಕೈಗಡಿಯಾರವನ್ನೂ ಹೊತ್ತುಕೊಂಡು ದಿಗ್ವಿಜಯ ಮುಗಿಸಿದ ಚಕ್ರವರ್ತಿಯ ಠೀವಿಯಲ್ಲಿ ಮರಳಿದರು.

ಶನಿವಾರ ಆಫೀಸಿಗೆ ಹೋದವರೇ ಮೀಟಿಂಗ್ ಕೋಣೆಯ ಕುರ್ಚಿಗಳನ್ನೆಲ್ಲ ಸ್ವಹಸ್ತದಿಂದ ಹೊತ್ತು ಉಗ್ರಾಣಕ್ಕೆ ತುಂಬಿದರು. ವಿವಿಕ್ ಬಂದು ನೋಡಿ ಕಣ್ಣುಜ್ಜಿಕೊಂಡಳು. ಆಫೀಸಿನಲ್ಲಿ ಎಲ್ಲರೂ ಅವರನ್ನು ಗೌರವದಿಂದ "ಪಾಕ್" ಎಂದೇ ಕರೆಯುವುದು.

"ಪಾಕ್, ಕುರ್ಚಿಗಳು ಎಲ್ಲಿಗೆ ಹೋದ್ವು?"

"ಉಗ್ರಾಣಕ್ಕೆ! ಕೂತ್ರೆ ಜನ ಬೇರು ಬಿಡ್ತಾರೆ. ನಿಂತ್ರೆ ಕಾಲು ನೋಯುತ್ತೆ, ಕಾಲು ನೋಯ್ತಿದ್ರೆ ಮಾತು ಕಮ್ಮಿ ಆಗುತ್ತೆ. ಇನ್ಮೇಲೆ ನಿಂತೇ ಮೀಟಿಂಗು!"

"ಆಯ್ತು. ತಿಂಡಿ ಡಬ್ಬಿ ಎಷ್ಟು ಹೇಳ್ಲಿ?"

"ಒಂದೂ ಬೇಡ!"

ವಿವಿಕ್ ಎದೆ ಮುಟ್ಟಿಕೊಂಡಳು. ಕರಿದ ತೋಫು, ಕಡಿಯಲೊಂದು ಹಸಿಮೆಣಸಿನಕಾಯಿ, ಬಾಳೆಲೆಯಲ್ಲಿ ಸುತ್ತಿದ ಅಂಟಕ್ಕಿ ಉಂಡೆ, ಇಷ್ಟಿರುವ ರಟ್ಟಿನ ಡಬ್ಬಿ ಕೈಗೆ ಬರದೆ ನಮ್ಮಲ್ಲಿ ಯಾರೂ ಬಾಯಿ ಬಿಡುವುದಿಲ್ಲ.

"ಡಬ್ಬಿ ಇಲ್ದೇ ಮೀಟಿಂಗಾ? ಸತ್ತೋರ ಮನೇಲೂ ಡಬ್ಬಿ ಕೊಟ್ಟು ಕಳಿಸ್ತಾರೆ, ಪಾಕ್!"

"ಇದು ಸತ್ತೋರ ಮನೆ ಅಲ್ಲ, ಆಫೀಸು! ಮೀಟಿಂಗು ಒಂಬತ್ತಕ್ಕೆ. ಜನಕ್ಕೆ ಎಂಟು ಅಂತ ಹೇಳು, ಆಗ ಒಂಬತ್ತಕ್ಕೆ ಬರ್ತಾರೆ. ಬಂದ್ಮೇಲೆ ಬಾಗಿಲು ಚಿಲಕ! ತಡವಾಗಿ ಬಂದೋರು ಹೊರಗೆ!"

ವಿವಿಕ್ ಇದೇ ಊರಿನ ಮಗಳು. ಪಾಕ್ ಎಂಟು ಎಂದರೆ ತಾನು ಏಳು ಎನ್ನಬೇಕೆಂಬುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಏಳು ಎಂದೇ ಸಾರಿಬಿಟ್ಟಳು.

ಭಾನುವಾರ ಟಿವಿಯಲ್ಲಿ ವಾರ್ತೆ ಶುರುವಾದಾಗ ತರ್ಮೂಜಿಯವರು ಎಂದಿನಂತೆ ಬೈಯಲು ಬಾಯಿ ತೆರೆದರು. ಅವರ ಮನೆಯ ಟಿವಿ ವರ್ಷಗಳಿಂದ ವಾರ್ತೆಯನ್ನು ಅರ್ಧ ಗಂಟೆ ತಡವಾಗಿಯೇ ಓದುತ್ತಿತ್ತು. ಸರ್ಕಾರವೇ ರಬ್ಬರ್ ಆದರೆ ಜನ ಇನ್ನೇನಾಗುತ್ತಾರೆ ಎಂದು ದಿನವೂ ಗೊಣಗುವುದು ಅವರ ರೂಢಿ. ಆದರೆ ಇವತ್ತು ಕೈಯಲ್ಲಿ ಕೋರ್ಸಿನ ಗಡಿಯಾರವಿತ್ತು. ಅದನ್ನು ನೋಡಿದರು. ಗೋಡೆಯನ್ನು ನೋಡಿದರು. ಮತ್ತೆ ಕೈ ನೋಡಿದರು.

"ಲಾಸ್ಮಿ! ನಮ್ಮ ಗೋಡೆ ಗಡಿಯಾರ ಅರ್ಧ ಗಂಟೆ ಮುಂದಿದೆ!"

ಒಳಗೆ ಪಾತ್ರೆಯೊಂದು ಬಿದ್ದ ಸದ್ದಾಯಿತು. ಸುಲಾಸ್ಮಿ ಓಡಿ ಬರುವಷ್ಟರಲ್ಲಿ ಗಂಡ ಸ್ಟೂಲಿನ ಮೇಲಿದ್ದರು.

"ಅಯ್ಯೋ, ಅದನ್ನ ಮುಟ್ಬೇಡ್ರಿ!"

"ಸಮಯಪಾಲಕನ ಮನೇಲಿ ಸುಳ್ಳು ಗಡಿಯಾರಾನಾ? ನಾಚಿಕೆಗೇಡು!"

"ಅದು ಸುಳ್ಳು ಹೇಳಿದ್ದಕ್ಕೇ ಈ ಸಂಸಾರ ನಿಂತಿರೋದು!"

ಮುಳ್ಳು ಹಿಂದಕ್ಕೆ ತಿರುಗಿಯೇಬಿಟ್ಟಿತು. ಸುಲಾಸ್ಮಿ ಹಣೆ ಚಚ್ಚಿಕೊಂಡಳು. "ಹಂಗಾದ್ರೆ ನಾಳೆ ಎಂಟೂವರೆಗೇ ಮನೆ ಬಿಡಿ. ನನ್ನ ಮಾತು ಕೇಳಿ."

"ಯಾಕೆ ಬಿಡ್ಬೇಕು? ಮುಂಚೆ ಹೋಗೋದೂ ಸಮಯದ ಪೋಲು ಅಂತ ಕೋರ್ಸಲ್ಲಿ ಹೇಳಿದ್ದಾರೆ. ಒಂಬತ್ತಕ್ಕೆ ಮನೆ ಬಿಟ್ಟು ಒಂಬತ್ತಕ್ಕೇ ಆಫೀಸು ಸೇರೋ ಗಂಡಸು ನಾನು!"

ಇದು ಅವರ ಜೀವಮಾನದ ಹೆಮ್ಮೆ. ಮನೆಯಿಂದ ಆಫೀಸಿಗೆ ಅರ್ಧ ಗಂಟೆಯ ದಾರಿ. ಆದರೂ ಒಂಬತ್ತಕ್ಕೆ ಹೊರಟವರು ಆಫೀಸಿನ ಗಡಿಯಾರದಲ್ಲಿ ಒಂಬತ್ತಕ್ಕೇ ಇಳಿಯುತ್ತಿದ್ದರು. ತನ್ನ ಸ್ಕೂಟರು ಕಾಲವನ್ನೇ ಹಿಂದೆ ಹಾಕುತ್ತದೆ ಎಂದು ಬಲವಾಗಿ ನಂಬಿದ್ದರು. ಮಹಿಮೆ ಸ್ಕೂಟರಿನದಲ್ಲ, ಸುಲಾಸ್ಮಿಯದು! ಮದುವೆಯ ದಿನ ಮದುಮಗ ಎಷ್ಟು ತಡವಾಗಿ ಬಂದನೆಂದರೆ, ನಿಕಾಹ್ ಮಾಡಿಸುವವರು ಕಾದು ಕಾದು, ಪಕ್ಕದ ಬೀದಿಗೆ ಹೋಗಿ ಇನ್ನೊಂದು ಜೋಡಿಯ ಮದುವೆ ಮುಗಿಸಿ, ಊಟವನ್ನೂ ಮಾಡಿ ಬಂದಿದ್ದರು. ಆ ವಾರವೇ ಸುಲಾಸ್ಮಿ ಸ್ಟೂಲು ಹತ್ತಿ ಮುಳ್ಳನ್ನು ಮುಂದಕ್ಕೆ ತಿರುಗಿಸಿದ್ದಳು.

ಸೋಮವಾರ ಸರಿಯಾಗಿ ಒಂಬತ್ತಕ್ಕೆ ತರ್ಮೂಜಿಯವರು ಸ್ಕೂಟರು ಹತ್ತಿದರು. ಹೊಸ ಕೈಗಡಿಯಾರವನ್ನು ಗೀರು ಬಿದ್ದೀತೆಂದು ಟಿವಿಯ ಮೇಲೆ ಪ್ರಮಾಣಪತ್ರದ ಪಕ್ಕದಲ್ಲೇ ಇಟ್ಟಿದ್ದರು. ದಾರಿಯುದ್ದಕ್ಕೂ ಸಿಳ್ಳೆ.

ಮೀಟಿಂಗ್ ಕೋಣೆಯಲ್ಲಿ ಕುರ್ಚಿಯೂ ಇಲ್ಲ, ಮನುಷ್ಯರೂ ಇಲ್ಲ! ತರ್ಮೂಜಿಯವರ ಮೈ ಪುಳಕಗೊಂಡಿತು. ಎಲ್ಲರೂ ತಡ! ಒಡತಿಯೂ ತಡ! ಇಡೀ ಕಾರ್ಖಾನೆಯಲ್ಲಿ ಹೊತ್ತಿಗೆ ಸರಿಯಾಗಿ ಬಂದವನು ತಾನೊಬ್ಬನೇ! ನಿಯಮ ಎಂದರೆ ನಿಯಮ. ಒಳಗಿನಿಂದ ಚಿಲಕ ಹಾಕಿಕೊಂಡು, ಬೋರ್ಡಿನ ಮೇಲೆ "ತಡವಾಗಿ ಬಂದವರು" ಎಂದು ಬರೆದು, ಕೆಳಗೆ ಎಲ್ಲರ ಹೆಸರನ್ನೂ ದಪ್ಪಕ್ಷರದಲ್ಲಿ ಬರೆದರು. ಬು ಲಾನಿಯ ಹೆಸರನ್ನು ಮಾತ್ರ ಸ್ವಲ್ಪ ಸಣ್ಣದಾಗಿ ಬರೆದರು.

ಕಿಟಕಿಯಲ್ಲಿ ಕಾವಲುಗಾರ ದುಲ್‌ನ ತಲೆ ಕಾಣಿಸಿತು.

"ಪಾಕ್, ಒಬ್ರೇ ಒಳಗೆ ಏನ್ಮಾಡ್ತಿದ್ದೀರಿ?"

"ಕಾಣಲ್ವಾ? ಮೀಟಿಂಗು!"

"ಯಾರ ಜೊತೆ? ಅವರೆಲ್ಲ ಎದುರುಗಡೆ ಲೊಂತೊಂಗ್ ಕುಪಾಂಗ್ ಅಂಗಡೀಲಿದ್ದಾರೆ. ಬು ಲಾನೀನೂ ಅಲ್ಲೇ ಇದ್ದಾರೆ."

"ಒಂಬತ್ತಕ್ಕೆ ಮೀಟಿಂಗು ಇಟ್ಕೊಂಡು ತಿಂಡಿ ತಿನ್ನೋಕೆ ಹೋಗಿದ್ದಾರಾ?"

"ಒಂಬತ್ತೂವರೆ ಆಯ್ತಲ್ಲ, ಪಾಕ್."

ತರ್ಮೂಜಿಯವರು ಗೋಡೆ ನೋಡಿದರು. ಒಂಬತ್ತೂವರೆ! ಈ ಗಡಿಯಾರವನ್ನೂ ಸರಿ ಮಾಡೋಣವೆಂದರೆ ಹತ್ತಲು ಒಂದು ಕುರ್ಚಿಯಾದರೂ ಬೇಡವೇ! ಚಿಲಕ ತೆಗೆದು ಎದ್ದೆನೋ ಬಿದ್ದೆನೋ ಎಂದು ರಸ್ತೆ ದಾಟಿದರು.

ಅಂಗಡಿಯ ಬೆಂಚುಗಳ ತುಂಬ ಕಾರ್ಖಾನೆಯೇ ಕುಳಿತಿತ್ತು. ಚಿಪ್ಪಿಮೀನಿನ ಸಾರಿನಲ್ಲಿ ಅಕ್ಕಿ ಕಡುಬು ಮುಳುಗಿಸಿಕೊಂಡು ಎಲ್ಲರೂ ಸೊರಸೊರ ತಿನ್ನುತ್ತಿದ್ದರು. ನಡುವೆ ಬು ಲಾನಿ ಎಳನೀರು ಹೀರುತ್ತಿದ್ದರು.

"ಬನ್ನಿ, ಸಮಯಪಾಲಕರೇ," ಎಂದರು ಬು ಲಾನಿ. "ನೀವೆಲ್ಲ ತಡವಾಗಿ ಬರ್ತೀರ, ಹಿಡಿಯೋಣ ಅಂತ ನಾನು ಎಂಟಕ್ಕೇ ಬಂದೆ. ನೋಡಿದ್ರೆ ನನ್ನ ಹೆದರಿಕೆಗೆ ಏಳರಿಂದ ಎಲ್ಲರೂ ಗೋಡೆಗೆ ಒರಗಿಕೊಂಡು ನಿಂತಿದ್ದಾರೆ! ಕೂರೋಕೆ ಕುರ್ಚಿ ಇಲ್ಲ, ಬಾಯಿಗೊಂದು ತೋಫು ಇಲ್ಲ. ನನ್ನ ಮಂಡಿ ಕೇಳ್ಬೇಕಲ್ಲ? ವಿವಿಕ್ ಇಲ್ಲಿಗೆ ಕರ್ಕೊಂಡು ಬಂದ್ಲು."

"ಹಬ್ಬದ ಪೊಟ್ಟಣ... ಬಣ್ಣ..." ತರ್ಮೂಜಿಯವರು ತೊದಲಿದರು.

"ಹಸಿರು. ಸಾರು ಬರೋ ಮುಂಚೇನೇ ತೀರ್ಮಾನ ಆಯ್ತು. ಸೀಗಡಿ ಎಡಕ್ಕೆ ನೋಡುತ್ತೆ. ಅದೂ ಆಯ್ತು."

ತರ್ಮೂಜಿಯವರಿಗೆ ಅಳುವೇ ಬಂದಂತಾಯಿತು. ಕಾರ್ಖಾನೆಯ ಚರಿತ್ರೆಯಲ್ಲೇ ಇಂಥ ಮೀಟಿಂಗು ನಡೆದಿರಲಿಲ್ಲ. ನಡೆದಾಗ ತಾವೇ ಇರಲಿಲ್ಲ! ವಿವಿಕ್ ಸಂಕೋಚದಿಂದ ಬೆಂಚಿನ ಮೇಲೆ ಸರಿದು ಜಾಗ ಮಾಡಲು ನೋಡಿದಳು.

"ಪಾಕ್, ಇಲ್ಲೇ ಕೂತ್ಕೊಳ್ಳಿ."

"ಬೇಡ ಬಿಡು, ವಿವಿಕ್," ಎಂದರು ಬು ಲಾನಿ. "ಅವರಿಗೆ ನಿಂತೇ ಇಷ್ಟ. ಇನ್ಮೇಲೆ ಮೀಟಿಂಗು ನೀನೇ ನಡೆಸು, ಅವರ ಕುರ್ಚೀಲೇ ಕೂತು. ತರ್ಮೂಜಿ, ತಿಂಡಿ ಡಬ್ಬಿ ನಿಮ್ಮ ಜವಾಬ್ದಾರಿ. ನೀವು ಯಾವಾಗ ಬೇಕಾದ್ರೂ ಬನ್ನಿ, ಡಬ್ಬಿ ಮಾತ್ರ ಹೊತ್ತಿಗೆ ಸರಿಯಾಗಿ ಬರ್ಬೇಕು!"

ಸಂಜೆ ಮನೆಗೆ ಬಂದಾಗ ಸುಲಾಸ್ಮಿ ಬಾಗಿಲಲ್ಲೇ ನಿಂತಿದ್ದಳು.

"ಏನ್ರೀ, ಕುರ್ಚಿ ಉಳೀತಾ?"

"ಎಲ್ಲಾ ಉಳೀತು. ಉಗ್ರಾಣದಿಂದ ಒಂದೊಂದಾಗಿ ನಾನೇ ಹೊತ್ತು ತಂದು ಹಾಕ್ದೆ," ಎಂದು ತರ್ಮೂಜಿಯವರು ಸೊಂಟ ಹಿಡಿದುಕೊಂಡು ಕುಸಿದರು. "ನನ್ನದೊಂದು ಬಿಟ್ಟು."

ಅವಳು ಕಾಫಿ ಮಾಡಲು ಒಳಗೆ ಹೋದಳು. ತರ್ಮೂಜಿಯವರು ಸ್ವಲ್ಪ ಹೊತ್ತು ಪ್ರಮಾಣಪತ್ರವನ್ನೇ ನೋಡುತ್ತ ಕುಳಿತರು. ಆಮೇಲೆ ಸದ್ದಾಗದಂತೆ ಸ್ಟೂಲು ಎಳೆದು, ಹತ್ತಿ, ಗಡಿಯಾರದ ಮುಳ್ಳನ್ನು ಅರ್ಧ ಗಂಟೆ ಮುಂದಕ್ಕೆ ತಳ್ಳಲು ಕೈ ಎತ್ತಿದರು.

ಅಡುಗೆಮನೆಯಿಂದ ದನಿ ಬಂತು: "ಮುಟ್ಬೇಡಿ ಅದನ್ನ! ಬೆಳಗ್ಗೆ ನೀವು ಅತ್ತ ಹೋಗ್ತಿದ್ದ ಹಾಗೇ ನಾನು ಸರಿ ಮಾಡಿದ್ದೀನಿ."