ಮಾವನ ಮೊಣಕಾಲು ಚಿಪ್ಪಿಗೆ ಮೂರು ಪ್ಲೇಟು

ನಮ್ಮ ಸೋದರಮಾವನ ಎಡಮೊಣಕಾಲಿನ ಚಿಪ್ಪಿನ ಎಕ್ಸ್‌ರೇ ತೆಗೆಸಲು ನನಗೆ ಇಪ್ಪತ್ತೈದು ರೂಪಾಯಿ ಬಿತ್ತು. ಪ್ಲೇಟಿಗೆ ಹತ್ತರಂತೆ ಮೂರಕ್ಕೆ ಮೂವತ್ತು ಕೇಳಿದ್ದರು. ಐದು ಇಳಿಸಿದವನು ನಾನು. ಮೂರು ಯಾಕೆ? ಮಾವನಿಗೇನು ಚಿಪ್ಪು ಮೂರಿರಲಿಲ್ಲ. ತಲೆ ಮಾತ್ರ ಯಾರ ಮಾತಿಗೂ ಬಗ್ಗದಂಥದ್ದು!

ಕುರುಗೋಡಿನಲ್ಲಿ ಗೌಂಡಿಗೆ ಗೋಡೆ ಕಟ್ಟುವುದನ್ನು ಕಲಿಸಲು ಏಣಿ ಹತ್ತಿ ಬಿದ್ದವರು ಅವರು. ಜನ್ಮದಲ್ಲಿ ಒಂದು ಇಟ್ಟಿಗೆ ಇಟ್ಟವರಲ್ಲ. ಬಳ್ಳಾರಿಗೆ ಬರುವಾಗ ಬಸ್ಸಿನ ಡ್ರೈವರನಿಗೂ ದಾರಿ ತೋರಿಸಿದರು. ಇರುವುದೇ ಒಂದು ದಾರಿ! ಚಿಪ್ಪು ಒಡೆದು ಸರಿದಿದ್ದರೆ ಕಾಲು ಮಡಚುವ ಆಸೆ ಬಿಡಬೇಕು, ಫೋಟೋ ನೋಡದೆ ಏನೂ ಹೇಳಲಾರೆ ಎಂದರು ಡಾಕ್ಟರು. ಅದೊಂದು ಮಾತಿಗೆ ಮಾವ ಎದುರಾಡಲಿಲ್ಲ.

ಎಕ್ಸ್‌ರೇ ತೆಗೆಯುವವನು ಬೋರಲು ಮಲಗಲು ಹೇಳಿದ. ಚಿಪ್ಪು ಪ್ಲೇಟಿಗೆ ತಾಗಿದರೇ ಗೆರೆ ತಿಳಿಯಾಗಿ ಬರುವುದಂತೆ. ಎದೆಯ ಮೇಲೆ ಇಷ್ಟಲಿಂಗವಿದೆ, ಅದರ ಮೇಲೆ ಮೈಭಾರ ಹಾಕುವುದೇ ಎಂದರು ಮಾವ. ಬಿಚ್ಚಿಡಿ ಎಂದವನನ್ನು ಮಾವ ನೋಡಿದ ನೋಟಕ್ಕೆ ಯಂತ್ರವೇ ಕೆಡಬೇಕು. ಹಟ ಹಿಡಿದು ಅಂಗಾತ ಮಲಗಿದರು. ಪ್ಲೇಟಿನಲ್ಲಿ ಚಿಪ್ಪು ಮಜ್ಜಿಗೆಯಲ್ಲಿ ಮುಳುಗಿದ ವಡೆಯಂತಿತ್ತು.

ಸಿರುಗುಪ್ಪದ ಅಕ್ಕಿ ವ್ಯಾಪಾರದಲ್ಲಿ ಎಂಥೆಂಥ ಘಾಟಿಗಳನ್ನು ಮಣಿಸಿದವನು ನಾನು! ಹೊಟ್ಟೆಗೊಂದು, ಗದ್ದಕ್ಕೊಂದು ದಿಂಬು ಕೊಟ್ಟು, ನಡುವೆ ಲಿಂಗಕ್ಕೆ ಜಾಗ ಬಿಡಿಸಿ ಒಪ್ಪಿಸಿದೆ. ಉಸಿರು ಹಿಡಿಯಿರಿ ಎನ್ನುವಷ್ಟರಲ್ಲಿ ಮಾವ ಕತ್ತು ಹೊರಳಿಸಿ, "ಲೇ ತಮ್ಮಾ, ಪ್ಲೇಟು ಸೊಟ್ಟ ಐತಲ್ಲೋ" ಎಂದರು. ಕಾಲೂ ಹೊರಳಿತು. ಒಂದು ಚಿಪ್ಪು ಎರಡಾಗಿ ಮೂಡಿತು.

"ಮಾವಾ, ಕಾಲು ನಿಮ್ದು, ರೊಕ್ಕ ನಂದು. ಒಂದಾರ ಉಳಸ್ರಿ" ಎಂದೆ.

ಅವರ ದನಿ ತಗ್ಗಿತು. "ಅಳಿಯಾ, ಮುಂದ ನಾ ಚಕ್ಕಳಬಕ್ಕಳ ಕುಂದ್ರಾಕ ಆಕ್ಕೈತೇನೋ? ಕಾಲು ಚಾಚಿ ಪೂಜಿ ಮಾಡಿ ಮಾಡಿ ನಾಚಿಕಿ ಬಂದೈತಿ."

ಬಿದ್ದಂದಿನಿಂದ ಎಂಟು ದಿನ, ಪೂಜೆ ಸರಿಯಾಗಲಿಲ್ಲವೆಂದು ಅರ್ಧ ಊಟಕ್ಕೇ ಏಳುತ್ತಿದ್ದರಂತೆ. ನನಗೆ ತಿಳಿದಿರಲಿಲ್ಲ. ನಾನು ಕೇಳಿರಲೂ ಇಲ್ಲ.

ಮೂರನೆಯ ಪ್ಲೇಟಿಗೆ ದಿಂಬುಗಳನ್ನು ತೆಗೆಸಿದೆ. ಅವರ ಲಿಂಗವನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಅವರೇ ಅದನ್ನು ಮುಷ್ಟಿಯಲ್ಲಿ ಹಿಡಿದರು. ಬೋರಲು ಮಲಗಿದಾಗ ಭಾರ ನನ್ನ ಕೈಗೆ ಬೀಳಲೆಂದು ಮುಷ್ಟಿಯ ಕೆಳಗೆ ನನ್ನ ಅಂಗೈ ಇಟ್ಟೆ. ಊರಿಗೆಲ್ಲ ಬುದ್ಧಿ ಹೇಳುವ ಆ ಮನುಷ್ಯನ ಎದೆ ಅಕ್ಕಿ ಗಿರಣಿಯ ಬೆಲ್ಟಿನಂತೆ ಪಟಪಟ ಬಡಿಯುತ್ತಿತ್ತು. "ಮಿಸುಕಾಡಬ್ಯಾಡ್ರಿ" ಎಂದ ಎಕ್ಸ್‌ರೇಯವನು. ಅವರು ಮಿಸುಕಲಿಲ್ಲ. ಕೈ ಜೋಮು ಹಿಡಿದರೂ ನಾನೂ ಮಿಸುಕಲಿಲ್ಲ.

ಕೂದಲೆಳೆಯಷ್ಟು ಬಿರುಕು, ಸರಿದಿರಲಿಲ್ಲ. ಬಿರುಕು ಕೂಡಿದ ಮೇಲೆ ಚಕ್ಕಳಬಕ್ಕಳ ಕೂತುಕೊಳ್ಳಬಹುದು ಎಂದರು ಡಾಕ್ಟರು. ಮಾವ ಆಗಲೇ ಪಟ್ಟಿ ಹೇಗೆ ಕಟ್ಟಬೇಕೆಂದು ಅವರಿಗೆ ಕಲಿಸತೊಡಗಿದ್ದರು.

ನಿಮ್ಮ ಮನೆಯಲ್ಲೂ ಇಂಥವರಿದ್ದರೆ ನನ್ನ ಮಾತು ಕೇಳಿ. ಪ್ಲೇಟಿನ ರೇಟು ಮೊದಲೇ ಮಾತಾಡಿ. ಅವರಿಗೆ ಯಾವುದರ ಭಯವೆಂದು ಅದಕ್ಕೂ ಮೊದಲು ಕೇಳಿ. ಆಮೇಲೆ ಅಂಗೈ ಕೊಡಿ. ಅದರಲ್ಲಿ ಚೌಕಾಸಿ ಬೇಡ.