ಮೂರನೇ ಸಲ ನಿಂತರೆ ಬೆಂಗಳೂರಿಗೆ

ಸರ್ವರ್ ತಾನಾಗಿ ಕೆಡುವುದಿಲ್ಲ, ಅದನ್ನು ಪಕ್ಕದ ಟೇಬಲ್ಲಿನವರು ಕೆಡಿಸುತ್ತಾರೆ. ಹನ್ನೆರಡು ವರ್ಷ ಅದನ್ನು ಕಾಯ್ದವನ ಮಾತಿದು. ನಾನು ಸುಳ್ಳು ಹೇಳುವವನಲ್ಲ. ಹೇಳಿದರೂ ಎಲೆ ತುದಿಗೆ ಉಪ್ಪಿನಕಾಯಿ ಬಡಿಸಿದಷ್ಟೇ.

ಎರಡು ಸಾವಿರದ ಇಸವಿಯ ಆಚೀಚೆ. ಅರಸೀಕೆರೆ ಹತ್ತಿರ ತೆಂಗಿನ ತೋಟದ ಮಧ್ಯೆ ನಮ್ಮ ಸಂಶೋಧನಾ ಪ್ರಯೋಗಾಲಯ. ತೆಂಗಿಗೆ ಬರುವ ರೋಗಗಳ ವಿಚಾರವೆಲ್ಲ ನಮ್ಮ ವೆಬ್‌ಸೈಟಿನಲ್ಲಿ, ವೆಬ್‌ಸೈಟು ಒಂದು ಸರ್ವರಿನಲ್ಲಿ, ಸರ್ವರು ನನ್ನ ಕೋಣೆಯಲ್ಲಿ. ಇಡೀ ಕಟ್ಟಡದಲ್ಲಿ ಏಸಿ ಇದ್ದದ್ದು ಅಲ್ಲೊಂದೇ ಕಡೆ.

ಒಂದು ದಿನ ಬೆಂಗಳೂರಿನ ಹೆಡ್ಡಾಫೀಸಿನ ಸಾಹೇಬರು ಹೆಂಡತಿ ಮಕ್ಕಳೊಂದಿಗೆ ಬೇಲೂರು, ಹಳೇಬೀಡು ನೋಡಿಕೊಂಡು, ಪ್ರವಾಸಕ್ಕೊಂದು ಸರ್ಕಾರಿ ಕಾರಣ ಬೇಕಲ್ಲ ಅಂತ ನಮ್ಮಲ್ಲಿಗೂ ಬಂದರು. ಏಸಿ ಗಾಳಿಗೆ ಹತ್ತು ನಿಮಿಷ ನಿಂತರು. ನಮ್ಮ ಸರ್ವರ್ ಎಚ್ಚರವಾಗಿದೆಯೇ ಅಂತ ಐದೈದು ನಿಮಿಷಕ್ಕೆ ನೋಡುವ ಮೆಷಿನ್ ಅವರ ಹತ್ತಿರ ಇದೆಯಂತೆ. ಈ ವರ್ಷ ಮೂರು ಸಲ ನಿಂತರೆ ಸರ್ವರನ್ನು ಬೆಂಗಳೂರಿಗೆ ಎತ್ತಿಸುತ್ತಾರಂತೆ. ನನಗೆ ತೋಟದ ಮರಗಳಿಗೆ ಬಣ್ಣದಲ್ಲಿ ನಂಬರ್ ಬರೆಯುವ ಕೆಲಸವಂತೆ. ಬಿಸಿಲಲ್ಲಿ. ಸಾವಿರಾರು ಮರ.

ಇಷ್ಟು ಹೇಳಿದ ಮೇಲೆ ನಮ್ಮವರು ನನ್ನ ಬೆನ್ನಿಗೆ ನಿಲ್ಲಬೇಕೋ ಬೇಡವೋ?

ಚಳಿ

ಮೊದಲ ಸಲ ನಿಲ್ಲಿಸಿದವರು ನಮ್ಮ ಆಫೀಸ್ ಸೂಪರಿಂಟೆಂಡೆಂಟರು. ಜಾವಗಲ್ಲಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಹಿರಿಯರು, ನಿವೃತ್ತಿಗೆ ಎಂಟು ತಿಂಗಳಿತ್ತು. ಮಧ್ಯಾಹ್ನ ಮುದ್ದೆ ಉಂಡು ನನ್ನ ಕೋಣೆಗೆ ಬಂದು, ಎರಡು ಕುರ್ಚಿ ಜೋಡಿಸಿ ಮಲಗುವುದು ಅವರ ಪದ್ಧತಿ. ಅವತ್ತು ನಾನು ಪೇಟೆಗೆ ಹೋಗಿ ಬರುವಷ್ಟರಲ್ಲಿ ಕೋಣೆ ಬಾಣಲೆಯ ಹಾಗೆ ಕಾದಿದೆ, ಸರ್ವರ್ ಸತ್ತಿದೆ, ಇವರು ಶಾಲು ಹೊದ್ದು ಗೊರಕೆ ಹೊಡೆಯುತ್ತಿದ್ದಾರೆ.

ಎಬ್ಬಿಸಿ ಕೇಳಿದೆ. ಚಳಿಯಾಯಿತಂತೆ, ಏಸಿ ಆಫ್ ಮಾಡಿದರಂತೆ. ಕಾವು ತಾಳಲಾರದೆ ಸರ್ವರ್ ಕುಂಯ್ ಕುಂಯ್ ಅಂತ ಕೂಗಿತಂತೆ. ನಿದ್ದೆ ಕೆಡುತ್ತದೆಂದು ಅದನ್ನೂ ಆಫ್ ಮಾಡಿದರಂತೆ. ಅದು ಕೂಗಿದ್ದೇ ಸೆಕೆ ತಡೆಯಲಾರದೆ ಸಾರ್ ಎಂದೆ.

"ಅದಕ್ಕೆ ಸೆಕೆ, ನನಗೆ ಚಳಿ. ಇಬ್ಬರಲ್ಲಿ ಪೆನ್ಷನ್ನು ಯಾರಿಗೆ ಹತ್ತಿರ, ನೀನೇ ಹೇಳಯ್ಯ" ಎಂದು ಮಗ್ಗುಲು ಬದಲಿಸಿದರು.

ಬೆನ್ನಿನ ಬಿಸಿ

ಎರಡನೆಯದು ಫಾರಂ ಮ್ಯಾನೇಜರನ ಕೃಪೆ. ಕಣಕಟ್ಟೆಯವನು, ನನ್ನ ವಾರಗೆಯವನು. ಸರ್ವರಿನ ಬೆನ್ನಿಂದ ಬಿಸಿಗಾಳಿ ಬರುವುದನ್ನು ಅವನು ಪತ್ತೆ ಮಾಡಿದ್ದ. ಒಂದು ವಾರ ಕೋಣೆಯಲ್ಲಿ ಎಣ್ಣೆ ವಾಸನೆ. ಸೂಪರಿಂಟೆಂಡೆಂಟರ ತಲೆಯದ್ದು ಅಂದುಕೊಂಡೆ. ಸರ್ವರ್ ನಿಂತ ದಿನ ಹಿಂದೆ ಬಗ್ಗಿ ನೋಡಿದರೆ ಸಾಲಾಗಿ ಜೋಡಿಸಿದ ಕಾಯಿ ಹೋಳು, ಹೋಳಿಗೆ ಬಂದ ಇಲಿ, ಇಲಿ ಕಡಿದ ವೈರು.

ಏನ್ಲಾ ಇದು ಅಂದೆ.

"ಅಟ್ಟದ ಮೇಲೆ ವರ್ಷಗಟ್ಟಲೆ ಯಾರ್ ಒಣಗಿಸ್ತಾರ್ಲಾ? ಇಲ್ಲಿ ಕಾವು ಸುಮ್ನೆ ದಂಡ ಆಗ್ತಿತ್ತು" ಎಂದು ಕೊಬ್ಬರಿ ಚೂರೊಂದನ್ನು ನನ್ನ ಕೈಗೇ ಇಟ್ಟ. ತಿಂದೆ. ಹದವಾಗಿತ್ತು, ಅದು ಇನ್ನೂ ಸಿಟ್ಟು ಬರಿಸಿತು.

ವೈರು ಹಾಕಿಸಿ ಸರ್ವರ್ ಎದ್ದ ಕೂಡಲೇ ವೆಬ್‌ಸೈಟಿನ ಮೊದಲ ಪುಟದಲ್ಲಿ ಬರೆದೆ: 'ಕಂಪ್ಯೂಟರಿನಲ್ಲಿ ಕೊಬ್ಬರಿ ಒಣಗಿಸಿಕೊಡಲಾಗುವುದು. ಫಾರಂ ಮ್ಯಾನೇಜರನ್ನು ಕಾಣಿರಿ.' ಮೂರನೇ ದಿನ ಒಬ್ಬ ಮಂಡಿ ವರ್ತಕರು, ಮಗಳು ಸೈಬರ್ ಸೆಂಟರಿನಲ್ಲಿ ಓದಿ ಹೇಳಿದಳೆಂದು, ಟೆಂಪೊ ತುಂಬ ಕಾಯಿ ಹೇರಿಕೊಂಡೇ ಬಂದರು. ಮ್ಯಾನೇಜರ್ ಪಂಪ್‌ಹೌಸಿನಲ್ಲಿ ಅವಿತುಕೊಂಡ. ಇನ್ನು ನನಗೆ ಮೆಮೊ ಖಂಡಿತ ಎಂದುಕೊಳ್ಳುವಷ್ಟರಲ್ಲಿ ನಮ್ಮ ಡೈರೆಕ್ಟರು ವರ್ತಕರಿಗೆ ಕಾಫಿ ತರಿಸಿ, ನನ್ನ ಬೆನ್ನು ತಟ್ಟಿದರು. ನಮ್ಮ ವೆಬ್‌ಸೈಟ್ ನೋಡಿ ಮನುಷ್ಯರೊಬ್ಬರು ಬಂದದ್ದು ಅದೇ ಮೊದಲಂತೆ.

ಮಚ್ಚಿಗೂ ರಜೆ

ಉಳಿದದ್ದು ಒಂದೇ ಸಲ. ಆಯುಧಪೂಜೆ ಬಂತು. ಅವತ್ತು ಕೆಲಸದ ಸಾಮಾನನ್ನೆಲ್ಲ ತೊಳೆದು, ಕುಂಕುಮ ಇಟ್ಟು, ಮುಟ್ಟದೆ ಬಿಡುವುದು ನಮ್ಮ ಕಡೆಯ ಕ್ರಮ. ಟ್ರ್ಯಾಕ್ಟರು, ಪಂಪ್‌ಸೆಟ್ಟು, ಮೈಕ್ರೋಸ್ಕೋಪು ಎಲ್ಲ ಸುಮ್ಮನಾಗಿದ್ದವು. ಸರ್ವರೊಂದನ್ನು ಬಿಟ್ಟುಬಿಡಿ, ನಿಲ್ಲಿಸಿದರೆ ನನ್ನ ಕಥೆ ಮುಗೀತು ಅಂತ ಡೈರೆಕ್ಟರಿಗೆ ಕೈಮುಗಿದೆ. ಪರದೇಶದಲ್ಲಿ ಪಿಎಚ್‌ಡಿ ಮಾಡಿಬಂದವರು. ಅವರೂ ಎಲ್ಲರ ಮನಸ್ಸು ನೋಯಿಸಬಾರದು ಎಂದರು. ಆ ಎಲ್ಲರಲ್ಲಿ ನಾನಿರಲಿಲ್ಲ. ಅಷ್ಟರಲ್ಲಿ ಮರ ಹತ್ತಿ ಕಾಯಿ ಕೀಳುವಾತ ಮುಂದೆ ಬಂದ.

"ನನ್ ಮಚ್ಚಿಗೂ ಇವತ್ತು ರಜ ಐತೆ ಸಾ. ನಿಮ್ ಡಬ್ಬ ಏನ್ ಪಾಪ ಮಾಡೈತೆ? ವರ್ಷೊಂಬತ್ ಕಾಲ ಒಂದೇ ಸಮ ದುಡೀತೈತೆ."

ಆಗಲಪ್ಪ ಎಂದು ಒಪ್ಪಿ, ಪರದೆ ಮಾತ್ರ ಆಫ್ ಮಾಡಿದೆ. ಪರದೆ ಕಪ್ಪಾದದ್ದೇ ಎಲ್ಲರಿಗೂ ಸಮಾಧಾನ. ಹಾರ ಬಿತ್ತು, ಮಂಗಳಾರತಿಯಾಯಿತು, ನಾನು ಒಳಗೊಳಗೇ ನಗುತ್ತ ಕಣ್ಣಿಗೊತ್ತಿಕೊಂಡೆ. ಕಾಯಿ ಕೀಳುವಾತ ನಮಸ್ಕಾರ ಮಾಡಲು ಬಗ್ಗಿದವನು ಹಾಗೇ ಡಬ್ಬಕ್ಕೆ ಕಿವಿ ಕೊಟ್ಟು, ಇದಿನ್ನೂ ಉಸಿರಾಡ್ತೈತೆ ಎಂದ. ಎಲ್ಲರೂ ನನ್ನನ್ನು, ಸತ್ಯನಾರಾಯಣನ ಪ್ರಸಾದ ಬಿಟ್ಟುಹೋದವನನ್ನು ನೋಡುವ ಹಾಗೆ ನೋಡಿದರು. ಸೂಪರಿಂಟೆಂಡೆಂಟರು ಪ್ಲಗ್ಗು ಕಿತ್ತರು. ಅಭ್ಯಾಸವಾಗಿದ್ದ ಕೈ.

ಹೆಡ್ಡಾಫೀಸಿಗೆ ಫೋನ್ ಮಾಡಿದೆ. ಸಿಡಿಲು, ಹಾವು, ಟ್ರಾನ್ಸ್‌ಫಾರ್ಮರು, ಮೂರು ಸುಳ್ಳು ಸಿದ್ಧವಿದ್ದವು. ಎತ್ತಿದವನು ಅಲ್ಲಿನ ವಾಚ್‌ಮನ್, ಸಾಹೇಬರು ಪೂಜೆಯಲ್ಲಿದ್ದಾರಂತೆ. ನಮ್ಮನ್ನು ಕಾಯುವ ಆ ಮೆಷಿನ್ ಏನು ಹೇಳ್ತಿದೆ ಎಂದು ಕೇಳಿದೆ.

"ಅದಾ ಸಾರ್? ಬೆಳಿಗ್ಗೆಯೇ ಆಫ್ ಮಾಡಿ, ಬಾಳೆಕಂದು ಕಟ್ಟಿ, ಬೂದುಗುಂಬಳಕಾಯಿ ಒಡೆದಿದೀವಿ."

ಸಂತೋಷಪಡಬೇಕಾದವನಿಗೆ ಮೈ ಉರಿದುಹೋಯಿತು. ವರ್ಷವಿಡೀ ನನ್ನನ್ನು ನಡುಗಿಸಿದ ಮೆಷಿನ್ನೇ ಹಾರ ಹಾಕಿಸಿಕೊಂಡು ಮಲಗಿತ್ತು. ಎಲ್ಲರೂ ಪುರಿ, ಬಾಳೆಹಣ್ಣು ತಗೊಂಡು ಮನೆಗೆ ಹೋದ ಮೇಲೆ ನಮ್ಮ ಪ್ಲಗ್ಗು ಮತ್ತೆ ಚುಚ್ಚಿದೆ.

ಹಬ್ಬ ಕಳೆದು ಆಫೀಸು ತೆರೆದ ದಿನ ಸಾಹೇಬರೇ ಫೋನ್ ಮಾಡಿದರು. ಪೂಜೆಯ ದಿನದ ದಾಖಲೆ ಖಾಲಿಯಿದೆ, ನಿಮ್ಮ ಸರ್ವರ್ ನಿಂತಿತ್ತೇನು ಎಂದು ಗದರಿದರು. ಒಂದು ಕ್ಷಣವೂ ನಿಂತಿಲ್ಲ ಸಾರ್, ದಾಖಲೆ ಹೇಗೆ ಖಾಲಿಯಾಯಿತು ಎಂದೆ.

ಗಂಟಲು ಸರಿಮಾಡಿಕೊಂಡರು. "ಇಲ್ಲಿ ಕರೆಂಟ್ ಹೋಗಿತ್ತು ಕಣ್ರೀ."

"ಬೆಂಗಳೂರಲ್ಲೂ ಹೋಗುತ್ತಾ ಸಾರ್? ಅಯ್ಯೋ ಪಾಪ. ನಿಮ್ ಮೆಷಿನ್ನೂ ಇಲ್ಲಿಗೇ ಕಳಿಸಿಬಿಡಿ, ಅರಸೀಕೆರೆಯಲ್ಲಿ ಜೋಪಾನವಾಗಿರುತ್ತೆ."