ಮೈನಸ್ ಗ್ಯಾಸಿನ ಒಬ್ಬಟ್ಟು

ಕೈಯಲ್ಲೇ ಅಂದಾಜು ಇಟ್ಟುಕೊಂಡಿರುವ ಹೆಂಗಸರನ್ನು ಕಂಡರೆ ನನಗೆ ಗೌರವವೂ ಹೊಟ್ಟೆಕಿಚ್ಚೂ ಒಟ್ಟಿಗೇ ಬರುತ್ತವೆ. ಅವರು ಉಪ್ಪನ್ನು ಮಾತಾಡುತ್ತಲೇ ಹಾಕುತ್ತಾರೆ, ಸಾರು ಸರಿಯಾಗಿರುತ್ತದೆ. ಸಿಲಿಂಡರನ್ನು ಒಮ್ಮೆ ಅಲ್ಲಾಡಿಸಿ ‘ಇನ್ನೊಂದು ವಾರ ಬರುತ್ತೆ’ ಎನ್ನುತ್ತಾರೆ, ಬರುತ್ತದೆ. ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ಸಕ್ಕರೆಯನ್ನು ಕಪ್ಪಿನ ಅಂಚಿಗೆ ಚಾಕುವಿನಿಂದ ಸವರಿ ಅಳೆಯುವುದನ್ನೂ, ಏಪ್ರನ್ನಿನ ದಾರವನ್ನು ಚಿಟ್ಟೆಯಂತೆ ಗಂಟು ಹಾಕುವುದನ್ನೂ ಕಲಿಸಿದರು. ಸಿಲಿಂಡರ್ ಅಲ್ಲಾಡಿಸುವುದು ಸಿಲಬಸ್ಸಿನಲ್ಲಿರಲಿಲ್ಲ.

ಅದರ ಫಲ ಹೋದ ವರ್ಷದ ವಿಜಯದಶಮಿಯಂದು ಸಿಕ್ಕಿತು. ನನ್ನ ಗಂಡನ ಅಕ್ಕ, ನಾನು ಗುಬ್ಬಿ ಅತ್ತಿಗೆ ಎಂದು ಕರೆಯುವವರು, ಸದಾಶಿವನಗರದ ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ಮೊದಲ ಒಬ್ಬಟ್ಟು ಹಂಚಿನ ಮೇಲೆ ಒಂದು ಮಗ್ಗುಲು ಬೆಂದಿರುವಾಗ ಒಲೆ ‘ಪುಸ್’ ಎಂದಿತು. ಅತ್ತಿಗೆ ಅನ್ನ ಸಾರು ಉಂಡು ಎದ್ದರು. ಎದುರಿಗೆ ಏನೂ ಅನ್ನಲಿಲ್ಲ, ಬಸ್ಸು ಹತ್ತಿದ ಮೇಲೆ ಅಂದರು. ಕುಣಿಗಲ್ಲಿನ ದೊಡ್ಡ ಅತ್ತಿಗೆಗೆ ಫೋನ್ ಹೋಯಿತು. ಅಲ್ಲಿಂದಾಚೆ ನಾನು ಯಾವ ಮದುವೆ ಮನೆಗೆ ಹೋದರೂ ಯಾರಾದರೊಬ್ಬರು, ಹಳೆಯ ಕಾಯಿಲೆಯ ಬಗ್ಗೆ ವಿಚಾರಿಸುವಂತೆ ಮೆಲ್ಲಗೆ, “ಈಗ ಗ್ಯಾಸ್ ಇದೆಯೇನಮ್ಮ?” ಎಂದು ಕೇಳತೊಡಗಿದರು. ಈ ವರ್ಷ ಏನೇ ಆಗಲಿ, ನನ್ನ ಒಲೆಯ ಮೇಲಿನ ಒಬ್ಬಟ್ಟು ಅತ್ತಿಗೆಯ ಎಲೆಗೆ ಬೀಳಲೇಬೇಕಿತ್ತು.

ನನ್ನ ಯಜಮಾನರು ನಾಗರಾಜು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತಾರೆ. ಹೆಂಡತಿಯ ಕಷ್ಟಕ್ಕೆ ಸಾಮಾನ್ಯ ಗಂಡಂದಿರು ಇನ್ನೊಂದು ಸಿಲಿಂಡರ್ ತರುತ್ತಾರೆ. ಇವರು ಒಂದು ಕಂಪ್ಯೂಟರ್ ಚಿಪ್ಪು ತಂದರು.

“ನೋಡು, ಸಿಲಿಂಡರ್ ಕೆಳಗಿಡೋ ಈ ಹಲಗೆ ಅದರ ಭಾರಕ್ಕೆ ಕೂದಲೆಳೆಯಷ್ಟು ಬಗ್ಗುತ್ತೆ. ಚಿಪ್ಪು ಆ ಬಗ್ಗೋದನ್ನ ಅಂಕಿ ಮಾಡುತ್ತೆ. ಕರ್ನೆಲ್ ಒಳಗಿರೋ ಡ್ರೈವರ್ ಆ ಅಂಕಿ ತಂದು ಕೈಗೆ ಕೊಡುತ್ತೆ.”

“ಕರ್ನೆಲ್ ಅಂದ್ರೆ?”

“ಕಂಪ್ಯೂಟರಿನ ಹೊಟ್ಟೆಯೊಳಗಿರೋ ಯಜಮಾನ.”

“ಡ್ರೈವರ್?”

“ಯಜಮಾನ ನೇರವಾಗಿ ಚಿಪ್ಪಿನ ಹತ್ರ ಮಾತಾಡಲ್ಲ. ಮಧ್ಯೆ ಇವನು ಮಾತಾಡಬೇಕು.”

ಇದು ನನಗೆ ತಕ್ಷಣ ಅರ್ಥವಾಯಿತು. ನಮ್ಮ ಮನೆಯಲ್ಲಿ ಇವರಿಗೂ ಹಾಲಿನವನಿಗೂ ನಡುವೆ ಆ ಕೆಲಸ ನನ್ನದೇ.

ಆಮೇಲೆ ಎಷ್ಟೋ ಭಾನುವಾರ ಇವರು ಕಂಪ್ಯೂಟರಿನ ಕಪ್ಪು ಪರದೆಯ ಮುಂದೆ ಕೂತು “ಡ್ರೈವರ್ ಲೋಡ್ ಆಗಿದೆ, ಚಿಪ್ಪೇ ಸಿಗ್ತಿಲ್ಲ” ಎಂದು ಗೊಣಗಿದರು. ಪಾಪ ಎಂದು ನಾನು ಮಂಚದ ಕೆಳಗೂ ಗುಡಿಸಿ ನೋಡಿದೆ. ಕೊನೆಗೆ ಒಂದು ದಿನ ಪರದೆಯ ಮೇಲೆ ಟ್ರಂಕ್ ಕಾಲ್ ನಂಬರಿನಷ್ಟು ಉದ್ದದ ಅಂಕಿ ಬಂತು.

“ಇದು ಗ್ಯಾಸಾ?”

“ಕಚ್ಚಾ ಅಂಕಿ ಕಣೇ. ಡ್ರೈವರ್ ಕಚ್ಚಾನೇ ಕೊಡೋದು, ಬೇಯಿಸ್ಕೊಳ್ಳೋದು ನಾವು.”

ಅಡಿಗೆಮನೆಯಲ್ಲಿ ಇವರು ಬೇಯಿಸಿದ್ದು ಅದೊಂದೇ. ಅಂಕಿ ಕಿಲೋ ಆಯಿತು, ಅದರಲ್ಲಿ ಖಾಲಿ ಸಿಲಿಂಡರಿನ ತೂಕ ಕಳೆಯಿತು. ಉಪ್ಪಿನ ಜಾಡಿಯ ಮೇಲೆ ಅಂಟಿಸಿದ ಹಳೆಯ ಮೊಬೈಲಿನಲ್ಲಿ, ಸಿಲಿಂಡರಿನಲ್ಲಿ ಉಳಿದ ಗ್ಯಾಸು ಹಗಲೂ ರಾತ್ರಿ ಕಾಣತೊಡಗಿತು. ಹಾಲು ಕಾಯಿಸಿದಾಗ ಕೊನೆಯ ಅಂಕಿ ಕದಲುವುದನ್ನು ನೋಡುತ್ತಾ ನಿಂತು ನಾನು ಎಷ್ಟೋ ಸಲ ಹಾಲು ಉಕ್ಕಿಸಿದೆ.

ಆಯುಧಪೂಜೆ ಬಂತು. ಸ್ಕೂಟರು, ಮಿಕ್ಸಿ, ಈಳಿಗೆಮಣೆಗೆಲ್ಲ ಕುಂಕುಮವಿಟ್ಟು, ನನ್ನ ಮಾನ ಕಾಯುವ ಯಂತ್ರವನ್ನು ಬಿಡಲಾಗುತ್ತದೆಯೇ? ಸ್ವಿಚ್ ಆರಿಸಿ, ಸಿಲಿಂಡರನ್ನು ಪಕ್ಕಕ್ಕೆ ಸರಿಸಿ, ಹಲಗೆ ಒರೆಸಿದೆ. ಗುಬ್ಬಿ ಅತ್ತಿಗೆ ಕಳಿಸಿದ್ದ ಬೂದುಗುಂಬಳಕಾಯಿಗೆ ಅರಿಶಿನ ಬಳಿದು ಅದರ ಮೇಲಿಟ್ಟೆ. ಮಂಗಳಾರತಿ ಹೊತ್ತಿಗೆ ಸ್ಕೂಟರನ್ನು ಸ್ಟಾರ್ಟ್ ಮಾಡುತ್ತೇವಲ್ಲ, ಹಾಗೆ ಇದಕ್ಕೂ ಸ್ವಿಚ್ ಹಾಕಿ, ಗಂಟೆ ಬಾರಿಸಿ, ಆರತಿ ಎತ್ತಿದೆ. ಆಮೇಲೆ ಇವರು ಕುಂಬಳಕಾಯಿಯನ್ನು ಸ್ಕೂಟರಿನ ಮುಂದೆ ಒಡೆದರು. ಸಿಲಿಂಡರ್ ಹಲಗೆಗೆ ಮರಳಿತು.

ಮರುದಿನ ಬೆಳಿಗ್ಗೆ ನೋಡಿದರೆ ಗ್ಯಾಸು ತಳ ಕಂಡಿತ್ತು. ಹಬ್ಬದ ಚಕ್ಕುಲಿ ಕೋಡುಬಳೆ ನುಂಗಿರಬೇಕು ಎಂದುಕೊಂಡು, ಎದೆ ಗಟ್ಟಿಮಾಡಿ ಒಬ್ಬಟ್ಟಿಗೆ ಹಂಚಿಟ್ಟೆ. ನಾಲ್ಕಾರು ಬೆಂದವು. ಅಂಕಿ ಸೊನ್ನೆಯಾಯಿತು. ನೋಡನೋಡುತ್ತಿದ್ದಂತೆ ಸೊನ್ನೆಯ ಹಿಂದೆ ಒಂದು ಅಡ್ಡಗೆರೆ ಬಂದು ಕೂತಿತು.

“ರೀ, ಗ್ಯಾಸು ಮೈನಸ್ ಆಗಿದೆ!”

ಇವರು ಬಾಗಿಲಿಗೆ ತೋರಣ ಕಟ್ಟುತ್ತಿದ್ದರು. “ಡ್ರೈವರ್ ಸುಳ್ಳು ಹೇಳಲ್ಲ ಕಣೇ!” ಎಂದು ಸ್ಟೂಲಿನ ಮೇಲಿಂದಲೇ ಕೂಗಿದರು.

ಒಲೆ ನೀಲಿಯಾಗಿ, ನಿಶ್ಚಿಂತೆಯಾಗಿ ಉರಿಯುತ್ತಿತ್ತು. ಇಲ್ಲದ ಗ್ಯಾಸು ಉರಿಯುತ್ತಿದೆ ಎಂದರೆ, ಯಾವ ಕ್ಷಣದಲ್ಲಾದರೂ ಅದಕ್ಕೆ ತನ್ನ ತಪ್ಪು ಗೊತ್ತಾಗಿ ನಿಂತುಬಿಡಬಹುದು. ಅತ್ತಿಗೆಯ ಎದುರಿಗೆ ಅದೇ ಆರಿಹೋಗುವ ಬದಲು ನಾನೇ ಆರಿಸಿಬಿಟ್ಟೆ. ಕಾಂಪೌಂಡಿನಾಚೆಯ ಶಾಹೀನಾಳನ್ನು ಕೂಗಿ ಒಲೆ ಕೇಳಿದೆ.

“ಬನ್ನಿ ಅಕ್ಕಾ, ಎರಡೂ ಒಲೆ ಖಾಲಿ ಐತೆ. ಹೂರಣ ಮುಚ್ಕೊಂಡು ಬನ್ನಿ, ಬೆಕ್ಕು ಕಾಯ್ತಾ ಕೂತೈತೆ.”

ಒಂದು ಕೈಯಲ್ಲಿ ಹಂಚು, ಇನ್ನೊಂದರಲ್ಲಿ ಹೂರಣದ ಡಬ್ಬಿ ಹಿಡಿದು ಗೇಟು ದಾಟುವಾಗಲೇ ಆಟೋದಿಂದ ಗುಬ್ಬಿ ಅತ್ತಿಗೆ ಇಳಿದರು. ನನ್ನನ್ನೂ ಹಂಚನ್ನೂ ನೋಡಿದರು.

“ಈ ಸಲಾನೂ ಆಯ್ತೇನೇ ವೀಣಾ?”

ನಾನು ಶಾಹೀನಾಳ ಮನೆಗೆ ನುಗ್ಗಿದೆ. ಮೊದಲ ಒಬ್ಬಟ್ಟು ತಿರುವಿ ಹಾಕುವಷ್ಟರಲ್ಲಿ ನಮ್ಮ ಅಡಿಗೆಮನೆ ಕಿಟಕಿಯಿಂದ ಅತ್ತಿಗೆಯ ದನಿ ಇಡೀ ಬೀದಿಗೆ ಕೇಳಿಸಿತು.

“ಏ ವೀಣಾ! ಒಲೆ ಚೆನ್ನಾಗೇ ಉರೀತೈತಲ್ಲೇ! ಕಾಫಿಗೆ ಹಾಲಿಟ್ಟಿವ್ನಿ!”

ಓಡಿ ಬಂದೆ. ಇವರು ಮೊಬೈಲನ್ನೂ ಒಲೆಯನ್ನೂ ಸರದಿಯಂತೆ ನೋಡುತ್ತಿದ್ದರು. “ನಿನ್ನೆ ಸ್ವಿಚ್ ಹಾಕುವಾಗ ಹಲಗೆ ಮೇಲೆ ಏನಿತ್ತು?”

“ಕುಂಬಳಕಾಯಿ.”

“ಶುರುವಾಗುವಾಗ ಮೇಲೆ ಏನಿರುತ್ತೋ ಅದನ್ನೇ ಇದು ಸೊನ್ನೆ ಅಂದ್ಕೊಳ್ಳುತ್ತೆ, ಖಾಲಿ ಇರ್ಬೇಕು ಅಂತ ಹೇಳಿರ್ಲಿಲ್ವಾ? ನಿನ್ನೆಯಿಂದ ಇದು ಕುಂಬಳಕಾಯಿ ಕಳೆದು ಲೆಕ್ಕ ಹೇಳ್ತಿದೆ!”

ಹೇಳಿದ್ದರಂತೆ. ಆಗ ಕುಕ್ಕರ್ ಕೂಗುತ್ತಿದ್ದಿರಬೇಕು.

“ನಮ್ಮ ಹಿತ್ತಲ ಕಾಯಿ ಕಣೋ ನಾಗ, ತೂಕ ಬರ್ದೆ ಇರ್ತದಾ?” ಎಂದು ಅತ್ತಿಗೆ ಹೆಮ್ಮೆಯಿಂದ ಸೆರಗು ಸರಿಪಡಿಸಿಕೊಂಡರು.

ಒಬ್ಬಟ್ಟು ಎಲೆಗೆ ಬಿತ್ತು. ಅತ್ತಿಗೆ ತುಪ್ಪ ಹಾಕಿಸಿಕೊಂಡು ತಿಂದರು, ಚೆನ್ನಾಗಿದೆ ಎಂದೂ ಅಂದರು. ಈ ಸಲ ಬಸ್ಸಿಗೂ ಕಾಯದೆ, ಕೈ ತೊಳೆದವರೇ ಕುಣಿಗಲ್ಲಿಗೆ ಫೋನ್ ಹಚ್ಚಿದರು. “ಇಲ್ಲ ಕಣಕ್ಕ, ಖಾಲಿ ಆಗ್ಲಿಲ್ಲ. ಗ್ಯಾಸ್ ಇತ್ತು. ಉರೀತಾನೂ ಇತ್ತು. ಇವ್ಳೇ ಆರ್ಸ್‌ಬುಟ್ಟು ಹಂಚು ಹೊತ್ಕೊಂಡು ಪಕ್ಕದ್ಮನೆಗೆ ಹೋಗವ್ಳೆ. ಯಾಕಂತ ನೀನೇ ಕೇಳು ಬುಡು.” ಫೋನನ್ನು ನನ್ನ ಕೈಗಿತ್ತರು.

ನಾನು ಗಂಟಲು ಸರಿಮಾಡಿಕೊಂಡು ಹಲಗೆ, ಚಿಪ್ಪು, ಕರ್ನೆಲ್, ಡ್ರೈವರ್, ಕುಂಬಳಕಾಯಿ ಎಲ್ಲವನ್ನೂ ಕ್ರಮವಾಗಿ, ಒಂದೂ ಬಿಡದೆ ವಿವರಿಸಿದೆ.

“ಹೋದ್ವರ್ಷದ್ದೇ ವಾಸಿಯಿತ್ತಲ್ಲೇ ತಾಯಿ,” ಎಂದರು ದೊಡ್ಡ ಅತ್ತಿಗೆ. “ಅದನ್ನ ಯಾರಿಗಾದ್ರೂ ಹೇಳೋದಾದ್ರೂ ಸಲೀಸಾಗಿತ್ತು.”